ದಡಕ್ಕೊಂದು ಬ್ಯಾಟರಿ

"ಅಣ್ಣಾ, ಇವರಿಗೆ ಸ್ವಲ್ಪ ಹೇಳ್ರಿ," ಎನ್ನುತ್ತಾ ಜೀನ್ಸ್ ಹೊಲಿಯುವ ರೇಣುಕಮ್ಮ ರಾಯದುರ್ಗದ ನನ್ನ ಬ್ಯಾಟರಿ ಅಂಗಡಿಗೆ ಬಂದು ಫೋನ್ ನನ್ನತ್ತ ಹಿಡಿದಳು. ಗೋವಾದಲ್ಲಿ ಹಾಯಿದೋಣಿಯ ಕೆಲಸಕ್ಕಿರುವ ಅವಳ ಗಂಡ ಪರದೆಯಲ್ಲಿದ್ದ. ದೋಣಿಯ ಎರಡು ಬ್ಯಾಟರಿಗೆ ಒಂದೇ ಸ್ವಿಚ್ ಹಾಕಬೇಕೋ, ಬೇರೆ ಬೇರೆಯೋ ಎಂದು ಕೇಳಿದ. ಸಮುದ್ರವನ್ನೇ ನೋಡದ ನಾನು, ಎರಡನ್ನೂ ಸೇರಿಸಿದರೆ ಬಲ ಜಾಸ್ತಿ ಎಂದೆ.

"ಗಾಳಿ ನಿಂತ್ರ ಎಂಜಿನ್ ಚಾಲೂ ಮಾಡೇ ದಡಕ್ಕ ಬರಬೇಕು ಅಂತೀರಲ್ಲ," ಎಂದು ಅವಳು ಗಂಡನಿಗೆ ಹೇಳಿದಳು. "ದೀಪ, ಫ್ಯಾನಿಗೆ ಒಂದು ಖಾಲಿ ಆಗ್ಲಿ. ಇನ್ನೊಂದನ್ನ ಮುಟ್ಟಬ್ಯಾಡ್ರಿ, ಅದು ಹೊಳ್ಳಿ ಬರಾಕ." ಅವನು ಬೇರೆ ಬೇರೆ ಸ್ವಿಚ್ಚನ್ನೇ ಆರಿಸಿದ.

ಅಂದು ಕಂಡ ನೀಲಿ ಬಣ್ಣ ಪರದೆಯಲ್ಲಿದ್ದ ಸಮುದ್ರದ್ದೋ, ಅವಳ ಹೆಗಲ ಮೇಲಿದ್ದ ಜೀನ್ಸ್ ಬಟ್ಟೆಯದೋ, ನನಗೀಗ ಖಚಿತವಿಲ್ಲ. ಗಂಡ ಊರಿಗೆ ಬಂದನೇ ಎಂದು ಕೇಳಿದಾಗಲೆಲ್ಲ ಅವಳು, "ಹೊಳ್ಳಿ ಬರಾಕ ಇಟ್ಟ ಆ ಇನ್ನೊಂದು ಬ್ಯಾಟರಿ ಇನ್ನೂ ತುಂಬೇ ಐತಂತ್ರಿ," ಎನ್ನುತ್ತಾಳೆ.