ಬಾಯಿಪಾಠದ ರುದ್ರವ್ವ

ರುದ್ರವ್ವ ಜಂಬದ ಹೆಂಗಸು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ತನಗೆ ತಿಳಿಯದ್ದೂ ಲೋಕದಲ್ಲಿ ಉಂಟೆಂದು ಆಕೆ ಒಪ್ಪಬಹುದಿತ್ತು. ಅದು ಇನ್ನೊಬ್ಬರ ಕಣ್ಣಿಗೆ ಬೀಳುವುದನ್ನು ಮಾತ್ರ ಒಪ್ಪುತ್ತಿರಲಿಲ್ಲ. ಕೆನಡಾದ ರೆಕ್ಸ್‌ಡೇಲಿಗೆ ಬಂದ ಮೊದಲ ಚಳಿಗಾಲದಲ್ಲಿ ತಪ್ಪು ಬಸ್ಸು ಹತ್ತಿ, ದಾರಿ ಕೇಳಲೊಲ್ಲದೆ ಕೊನೆಯ ನಿಲ್ದಾಣದವರೆಗೂ ಹೋಗಿ, ಅದೇ ಬಸ್ಸಿನಲ್ಲಿ ಕೂತು ಮರಳಿದವಳು. ಗಂಡ ಈರೇಶ ಈ ಕಥೆಯನ್ನು ಬಂದ ನೆಂಟರಿಗೆಲ್ಲ ಹೇಳಿ ನಗಿಸುತ್ತಿದ್ದ. "ಊರು ನೋಡಾಕ ಹೋಗಿದ್ದೆ, ಏನೀಗ?" ಎಂದು ಆಕೆ ಪ್ರತಿಸಲವೂ ಗದರುತ್ತಿದ್ದಳು.

ಜಂಬಕ್ಕೆ ಬೇರು ಇಲ್ಲದಿರಲಿಲ್ಲ. ಬೈಲಹೊಂಗಲದ ಬಳಿಯ ಹಳ್ಳಿಯ ಶಾಲೆಯಲ್ಲಿ ಅವಳ ನೆನಪಿನ ಶಕ್ತಿ ಹೆಸರುವಾಸಿಯಾಗಿತ್ತು. ಒಂದು ಸಲ ಓದಿದ ಪಾಠವನ್ನು ಅಲ್ಪವಿರಾಮ, ಪೂರ್ಣವಿರಾಮಗಳ ಸಮೇತ ಒಪ್ಪಿಸುತ್ತಿದ್ದಳು. ಇನ್‌ಸ್ಪೆಕ್ಟರು ಬಂದರೆ ಮಾಸ್ತರರು ಮೊದಲು ಎಬ್ಬಿಸಿ ನಿಲ್ಲಿಸುತ್ತಿದ್ದುದು ಅವಳನ್ನೇ. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದರೆ ಪೂರ್ತಿ ಅಂಕ, ಮಾತು ಬದಲಾದರೆ ಅಂಕ ಕಡಿಮೆ: ಈ ನ್ಯಾಯದಲ್ಲಿ ಬೆಳೆದವಳು ಆಕೆ. ಪಿಯುಸಿ ಮುಗಿದೊಡನೆ ಮದುವೆಯಾಯಿತು. ಆ ಶಕ್ತಿಗೆ ಮುಂದೆ ಯಾರೂ ಕೆಲಸ ಕೊಡಲಿಲ್ಲ.

ಕೆನಡಾದಲ್ಲಿ ಈರೇಶ ಟ್ರಕ್ಕು ಓಡಿಸಿದ, ರುದ್ರವ್ವ ಬ್ರೆಡ್ಡಿನ ಕಾರ್ಖಾನೆಯಲ್ಲಿ ಸರಕು ಸಾಗಿಸುವ ಬೆಲ್ಟಿನ ಮುಂದೆ ನಿಂತಳು. ನಲವತ್ತು ದಾಟುವ ಹೊತ್ತಿಗೆ ಬಲಭುಜ ಹಿಡಿದುಕೊಂಡಿತು. ಈ ಕೆಲಸ ಇನ್ನು ಬಹಳ ದಿನ ನಡೆಯದು ಎಂದು ಡಾಕ್ಟರು ಹೇಳಿದರು. ಆಕೆ ಅಳುತ್ತ ಕೂರಲಿಲ್ಲ. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಶಿಶುಪಾಲನೆಯ ಎರಡು ವರ್ಷದ ಡಿಪ್ಲೊಮಾಕ್ಕೆ ಸೇರಿದಳು. ಮುಗಿಸಿದರೆ ಡೇಕೇರಿನಲ್ಲಿ ಟೀಚರ ಕೆಲಸ. ಕಾರ್ಖಾನೆಯ ಮೇಲ್ವಿಚಾರಕ ಶನಿವಾರ, ಭಾನುವಾರದ ಶಿಫ್ಟು ಹಾಕಿಕೊಟ್ಟ. ಒಂದು ವರ್ಷ ಮಾತ್ರ, ಆಮೇಲೆ ಓದು ಇಲ್ಲವೇ ಬೆಲ್ಟು, ಎರಡರಲ್ಲೊಂದು ಆರಿಸಿಕೋ ಎಂದೂ ಹೇಳಿದ. ಅಂದರೆ ಮೊದಲ ವರ್ಷ ಕೆಟ್ಟರೆ ಎಲ್ಲವೂ ಕೆಟ್ಟಂತೆ.

ಕೆಡುವುದು ಬೇಗನೆ ಶುರುವಾಯಿತು. ಮಕ್ಕಳ ಆಟದ ಬಗ್ಗೆ ನಾಲ್ಕು ಪುಟ ಬರೆಯಿರಿ ಎಂದು ಮೊದಲ ಅಸೈನ್‌ಮೆಂಟು ಬಂತು. ರುದ್ರವ್ವ ಪಠ್ಯಪುಸ್ತಕದ ಆ ಅಧ್ಯಾಯವನ್ನು ರೊಟ್ಟಿ ತಟ್ಟುತ್ತ, ಬಸ್ಸಿನಲ್ಲಿ ಕೂತು, ಬಟ್ಟೆ ಮಡಚುತ್ತ ಬಾಯಿಪಾಠ ಮಾಡಿದಳು. ಆಮೇಲೆ ಪುಸ್ತಕವನ್ನು ಬೀರುವಿನಲ್ಲಿಟ್ಟು, ಒಮ್ಮೆಯೂ ತೆರೆದು ನೋಡದೆ, ಪ್ರಾಮಾಣಿಕವಾಗಿ ಬರೆದು ಕಳಿಸಿದಳು. ಕಂಪ್ಯೂಟರು ಅದನ್ನು ಪುಸ್ತಕದೊಂದಿಗೆ ಹೋಲಿಸಿ ನೋಡಿ ಹೆಚ್ಚುಕಡಿಮೆ ಎಲ್ಲ ಸಾಲಿಗೂ ಕೆಂಪು ಬಳಿಯಿತು. ನಕಲು ಎಂಬ ಆರೋಪ, ಸೊನ್ನೆ ಅಂಕ. ಇನ್ನೊಮ್ಮೆ ಹೀಗಾದರೆ ವಿಷಯದಲ್ಲೇ ಫೇಲು; ಆ ವಿಷಯ ಹೋದರೆ ಮುಂದಿನ ತರಬೇತಿಗೆ ಸೇರಿಸಿಕೊಳ್ಳುವುದಿಲ್ಲ.

ಆಕೆ ನೇರ ಪ್ರಾಧ್ಯಾಪಕಿಯ ಕೋಣೆಗೆ ಹೋದಳು. ತಾನು ನೋಡಿ ಬರೆದಿಲ್ಲ, ಬೇಕಾದರೆ ಪರೀಕ್ಷೆ ಮಾಡಿ ಎಂದವಳೇ ನಿಂತ ಕಾಲಲ್ಲಿ ಅಧ್ಯಾಯವನ್ನು ಒಪ್ಪಿಸತೊಡಗಿದಳು. ಪ್ರಾಧ್ಯಾಪಕಿ ಪೆನ್ನು ಕೆಳಗಿಟ್ಟು ಒಂದು ಪುಟದಷ್ಟು ಕೇಳಿದರು. ಕೆಟ್ಟ ಹೆಂಗಸಲ್ಲ. "ರುದ್ರವ್ವ, ತೊಂದರೆ ಇರುವುದೇ ಇಲ್ಲಿ" ಎಂದರು.

ಮನೆಯಲ್ಲಿ ಮಗಳು ಸೌಮ್ಯಾ ಪ್ರಾಧ್ಯಾಪಕಿಯ ಪಕ್ಷವನ್ನೇ ಹಿಡಿದಳು. ಹತ್ತನೆಯ ತರಗತಿಯ ಹುಡುಗಿ, ಕನ್ನಡ ಕಿವಿಗೆ ಮಾತ್ರ, ನಾಲಿಗೆಗೆ ಇಂಗ್ಲಿಷು.

"ಮಮ್ಮೀ, ದಟ್ಸ್ ಚೀಟಿಂಗ್."

"ಕದಿಯಾಕ ನಾ ಏನ ಅವರ ಮನಿ ಹೊಕ್ಕಿದ್ನೇನ? ತಲ್ಯಾಗ ಇದ್ದದ್ದು ಬರದೀನಿ."

"ತಲಿ ನಿಂದು, ಮಾತು ಅವರದು" ಎಂದ ಈರೇಶ, ತಟ್ಟೆಯಿಂದ ಕಣ್ಣೆತ್ತದೆ. ಅವತ್ತು ಅವನಿಗೆ ಎರಡನೆಯ ಸಲ ಸಾರು ಬೀಳಲಿಲ್ಲ.

ಕಾಲೇಜಿನ ಲೈಬ್ರರಿಯ ಪಕ್ಕದಲ್ಲಿ ಗಾಜಿನ ಗೋಡೆಯ ಕೋಣೆಯೊಂದಿತ್ತು. ಮೊದಲ ವರ್ಷದವರು ಅರ್ಧಕ್ಕೇ ಬಿಟ್ಟುಹೋಗದಂತೆ ಕೈಹಿಡಿಯಲು ನಗರಸಭೆ ಕೊಟ್ಟ ಅನುದಾನದಲ್ಲಿ ನಡೆಯುವ ಕೋಣೆ. ಕಾಲೇಜು ಪ್ರಾಂತ್ಯ ಸರ್ಕಾರದ ಜವಾಬ್ದಾರಿ, ನಮಗೇಕೆ ಈ ಉಸಾಬರಿ ಎಂದು ಒಬ್ಬ ಸದಸ್ಯ ಸಭೆಯಲ್ಲಿ ಆಕ್ಷೇಪಿಸಿದ್ದನಂತೆ. ಓದು ಬಿಟ್ಟವರು ಪ್ರಾಂತ್ಯದಲ್ಲಿ ವಾಸಿಸುವುದಿಲ್ಲ, ನಮ್ಮ ಬೀದಿಗಳಲ್ಲಿ ವಾಸಿಸುತ್ತಾರೆ ಎಂದು ಇನ್ನೊಬ್ಬಳು ಉತ್ತರ ಕೊಟ್ಟಿದ್ದಳಂತೆ. ಮಾತು ಸರಿಯಾಗಿಯೇ ಇತ್ತು, ಹಣ ಮಂಜೂರಾಯಿತು. ಆ ಹಣದಿಂದ ಸಂಬಳ ಪಡೆಯುವವರಲ್ಲಿ ಭಾನುಮತಿ ಒಬ್ಬಳು. ಮೈಸೂರಿನವಳು, ನಿವೃತ್ತ ಅಧ್ಯಾಪಕಿ, ಉಳ್ಳವರ ಊರಾದ ರಿಚ್ಮಂಡ್ ಹಿಲ್‌ನಿಂದ ಕಾರಿನಲ್ಲಿ ಬರುತ್ತಿದ್ದಳು. ಎಡವಿದ ವಿದ್ಯಾರ್ಥಿಗಳಿಗೆ ತಾನಾಗಿ ಫೋನು ಮಾಡಿ ಕರೆಯುವುದು ಅವಳ ಕೆಲಸ.

"ರುದ್ರವ್ವ ಅವರಾ? ಕಾಲೇಜಿಂದ ಭಾನುಮತಿ ಅಂತ. ಹೆಸರು ನೋಡಿದ ತಕ್ಷಣ ನಮ್ಮ ಕಡೆಯವರು ಅನ್ನಿಸ್ತು."

"ನಿಮ್ಮ ಕಡೆ ಅಂದ್ರ ಯಾವುದ್ರಿ?"

"ಮೈಸೂರು."

"ಹಂಗಾರ ನಮ್ಮ ಕಡೆ ಅಲ್ಲ ಬಿಡ್ರಿ."

ಭಾನುಮತಿ ನಕ್ಕಳು. ಬರವಣಿಗೆಗೆ ಸಹಾಯ ಮಾಡುವುದಾಗಿಯೂ, ಅದಕ್ಕೆ ಏನೂ ಕೊಡಬೇಕಾಗಿಲ್ಲವೆಂದೂ ಹೇಳಿದಳು. ಹೇಳಬಾರದಾಗಿದ್ದ ಮಾತೇ ಅದು.

"ಬಿಟ್ಟಿ ಊಟಕ್ಕ ಹಸದಾವರನ್ನ ಕರೀರಿ, ಅಕ್ಕಾರ. ನಾ ಹೊಟ್ಟಿ ತುಂಬಿದಾಕಿ" ಎಂದು ರುದ್ರವ್ವ ಫೋನಿಟ್ಟಳು.

ಮುಂದಿನ ವಾರ ಮತ್ತೆ ಫೋನು ಬಂತು. ಈ ಸಲ ಭಾನುಮತಿ ಸಹಾಯದ ಸುದ್ದಿಯನ್ನೇ ಎತ್ತಲಿಲ್ಲ.

"ನೀವು ಮನೆ ಬಾಡಿಗೆ ಕಟ್ತೀರ ತಾನೆ?"

"ಕಟ್ಟದ ಬಿಡ್ತಾನೇನ್ರಿ ಮಾಲಕ?"

"ಮಾಲೀಕ ಮನೆ ಮೇಲೆ ನಗರಸಭೆಗೆ ತೆರಿಗೆ ಕಟ್ತಾನೆ. ಅದನ್ನ ಅವನ ಜೇಬಿಂದ ಕಟ್ತಾನೆ ಅಂದ್ಕೊಂಡ್ರಾ?"

ರುದ್ರವ್ವ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ನಿಮ್ಮ ಬಾಡಿಗೇಲಿ ಸೇರಿಸಿ ನಿಮ್ಮಿಂದಲೇ ತೊಗೋತಾನೆ. ಆ ತೆರಿಗೆ ದುಡ್ಡಲ್ಲೇ ಈ ಕೋಣೆ ನಡೀತಿರೋದು. ಇಲ್ಲೊಂದು ಕುರ್ಚಿ ನಿಮ್ಮದಿದೆ. ಬೇಡ ಅಂದ್ರೆ ಬೇರೆಯವರನ್ನ ಕೂರಿಸ್ತೀನಿ, ಅಷ್ಟೆ."

ಬಿಟ್ಟಿಯದನ್ನು ಮುಟ್ಟದವಳು ತನ್ನದನ್ನು ಬಿಡುವವಳೂ ಅಲ್ಲ. ಗುರುವಾರ ರುದ್ರವ್ವ ಬಂದಳು. ಸಹಪಾಠಿಗಳಿಗೆ, ಊರಿನವರೊಬ್ಬರು ಇದ್ದಾರೆ, ಮಾತಾಡಿಸಿ ಬರುತ್ತೇನೆ ಎಂದಳು. ಗಾಜಿನ ಗೋಡೆಗೆ ಬೆನ್ನು ಹಾಕಿ, ಒಳಗಿನ ಬಿಸಿಯಲ್ಲೂ ಕೋಟಿನ ಟೊಪ್ಪಿಗೆ ತೆಗೆಯದೆ ಕೂತಳು.

ಭಾನುಮತಿ ಮೊದಲು ಪುಸ್ತಕವನ್ನು ಕಿತ್ತುಕೊಂಡು ತನ್ನ ಮೇಜಿನ ಖಾನೆಗೆ ಹಾಕಿದಳು. "ಈಗ ಹೇಳಿ."

"ಯಾವ ಪುಟದ್ದ್ರಿ?"

"ಪುಟ ಬೇಡ. ನಿನ್ನೆ ಮಕ್ಕಳನ್ನ ನೋಡೋಕೆ ಡೇಕೇರಿಗೆ ಕಳಿಸಿದ್ರಲ್ಲ, ಏನು ಕಂಡ್ರಿ?"

"ಕೂಸುಗಳು ಆಡತಿದ್ವು."

"ಅಷ್ಟು ನಮ್ಮಜ್ಜಿಗೂ ಗೊತ್ತಿತ್ತು."

ರುದ್ರವ್ವನಿಗೆ ರೇಗಿತು. ರೇಗಿದಾಗ ಅವಳ ಬಾಯಿ ಚೆನ್ನಾಗಿ ಓಡುತ್ತದೆ. "ಒಂದು ಹುಡುಗಿ ಇತ್ರಿ, ಮೂರು ವರ್ಷದ್ದು. ಒಣದ್ರಾಕ್ಷಿ ಕೊಟ್ರ ತಿನ್ನಲಿಲ್ಲ. ಎಲ್ಲಾರೂ ಹೊರಗ ಹೋಗೂಮುಂದ ಅವನ್ನ ಒಂದೊಂದ ಎತ್ತಿ ತನ್ನ ಬೂಟಿನಾಗ ಹಾಕಿತು. ಆಮ್ಯಾಲೆ ಬೂಟು ಕಾಲಿಗೆ ಹಾಕ್ಕೊಳ್ಳಾಕ ಒಲ್ಲೆ ಅಂತ ರಂಪ. ಟೀಚರ ಬೈದ್ಲು. ಬೂಟಿನಾಗ ಏನೈತಿ ಅಂತ ನೋಡಲೇ ಇಲ್ಲ ಆಕಿ."

"ನೀವು ನೋಡಿದ್ರಿ. ಅದನ್ನೇ ಬರೀರಿ."

"ಇದು ಪುಸ್ತಕದಾಗ ಇಲ್ಲಲ್ರಿ!"

"ಪುಣ್ಯ."

ಬರೆದಳು. ತಾಯಿಯ ನೆನಪಾಗಿ ಹುಡುಗಿ ದ್ರಾಕ್ಷಿ ಎತ್ತಿಟ್ಟಿತು ಎಂದು ಕೊನೆಗೊಂದು ಸಾಲು ಸೇರಿಸಿದಳು.

"ಹಾಗಂತ ಆ ಮಗು ಹೇಳ್ತಾ?"

"ಇಲ್ರಿ."

"ಹೊಡೆದುಹಾಕಿ."

"ಮೈಸೂರಿನಾವರ ಬಾಯಿ ಬೆಲ್ಲ ಅಂತಿದ್ರು. ನಿಮ್ಮ ಪಾಲಿನ ಬೆಲ್ಲ ಯಾರು ತಿಂದ್ರೋ."

ಹೀಗೆ ಎರಡು ತಿಂಗಳು ನಡೆಯಿತು. ಕಲಿಯುವುದು ಸುಲಭವಾಗಲಿಲ್ಲ, ಏಕೆಂದರೆ ಇಲ್ಲಿ ಹೊಸದನ್ನು ತುಂಬಿಕೊಳ್ಳುವುದಕ್ಕಿಂತ ಇದ್ದದ್ದನ್ನು ತಡೆಹಿಡಿಯುವುದು ಹೆಚ್ಚಿತ್ತು. ತಾನು ಕಂಡ ಮಗುವೊಂದರ ಬಗ್ಗೆ ಟರ್ಮಿನ ಕೊನೆಯ ಅಸೈನ್‌ಮೆಂಟು ಬರೆಯಲು ಕೂತ ದಿನ ಪುಸ್ತಕದ ವಾಕ್ಯಗಳು ಕರೆಯದೆಯೇ ಬಂದು ಸಾಲುಗಟ್ಟಿದವು. ತಪ್ಪಿಲ್ಲದ, ನಯವಾದ ಇಂಗ್ಲಿಷು. ನಡುವೆ ತನ್ನವು ಕುಂಟುತ್ತಿದ್ದವು. ರುದ್ರವ್ವ ನೆಟ್ಟಗೆ ನಡೆಯುವ ವಾಕ್ಯಗಳನ್ನೆಲ್ಲ ಅಳಿಸಿ ಕುಂಟುವವನ್ನು ಉಳಿಸಿಕೊಂಡಳು. ತನ್ನ ಹೆಸರಿನಲ್ಲಿ ಇಂಥ ಇಂಗ್ಲಿಷು ಹೊರಗೆ ಹೋಗುತ್ತದಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಆದರೂ ಕಳಿಸಿದಳು.

ಈ ಸಲ ಕಂಪ್ಯೂಟರು ಕೆಂಪು ಬಳಿಯಲಿಲ್ಲ. ಪಾಸಾದಳು, ದೊಡ್ಡ ಅಂಕವೇನೂ ಅಲ್ಲ. ವ್ಯಾಕರಣ ತಿದ್ದಿಕೊಳ್ಳಬೇಕು, ಆದರೆ ಮಗು ಕಣ್ಣಿಗೆ ಕಟ್ಟುತ್ತದೆ ಎಂದು ಪ್ರಾಧ್ಯಾಪಕಿ ಬರೆದಿದ್ದರು. ಈರೇಶ ಆ ಸಾಲನ್ನು ಎರಡು ಸಲ ಓದಿಸಿಕೊಂಡು, "ಅಂತೂ ಯಾರಪ್ಪಂದೂ ಅಲ್ಲದ್ದು ಒಂದು ಬರದಿ" ಎಂದ. ಸೌಮ್ಯಾ ಹೋಗಿ ಜಿಲೇಬಿ ತಂದಳು. ರುದ್ರವ್ವ ತರಬೇತಿಗೆ ಸೇರಿದಳು. ಎರಡನೆಯ ಟರ್ಮು ತಕ್ಕಮಟ್ಟಿಗೆ ನೆಟ್ಟಗೆ ಸಾಗಿತು. ಕೋಣೆಗೆ ಹೋಗುವುದು ನಿಂತೇಹೋಗಿತ್ತು, ಅಗತ್ಯವಿರಲಿಲ್ಲ.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ, ಎರವಲು ತಂದಿದ್ದ ನಿಘಂಟನ್ನು ಹಿಂತಿರುಗಿಸಲು ಬಂದಿದ್ದಳು. ಕೋಣೆಯಲ್ಲಿ ಎರಡು ಕುರ್ಚಿ ಬಿಟ್ಟು ಉಳಿದವೆಲ್ಲ ತುಂಬಿದ್ದವು. ಹೊರಗೆ ನರೆತ ಗಡ್ಡದ ಒಬ್ಬ ಸರ್ದಾರ್ಜಿ, ಕಾಲಲ್ಲಿ ಕಾರ್ಖಾನೆಯ ಬೂಟು, ಕೈಯಲ್ಲಿ ಸುರುಳಿ ಸುತ್ತಿದ ಹಾಳೆಗಳು. ಬಾಗಿಲಿನ ಪಕ್ಕದ ನೋಟಿಸನ್ನು ಅತಿ ಗಮನವಿಟ್ಟು ಓದುತ್ತಿದ್ದ. ಮೊದಲ ವರ್ಷದವನೆಂದು ಕಂಡೊಡನೆ ತಿಳಿಯುತ್ತಿತ್ತು. ಬಾಗಿಲವರೆಗೆ ಬಂದ, ಹಿಂದೆ ಸರಿದ. ಒಳಗೆ ಇಬ್ಬರು ಹುಡುಗಿಯರು ತಮ್ಮದೇ ಯಾವುದೋ ಮಾತಿಗೆ ಕಿಸಕ್ಕೆಂದು ನಕ್ಕರು. ಅವನು ಹಾಳೆಗಳನ್ನು ಜೇಬಿಗೆ ತುರುಕಿ ತಿರುಗಿದ.

ಕರೆಯಲು ಭಾನುಮತಿ ಏಳುವುದರಲ್ಲಿದ್ದಳು. ರುದ್ರವ್ವ ಕೈಸನ್ನೆಯಿಂದ ತಡೆದಳು. ಬಾಗಿಲಿಗೆ ಎದುರಾದ ಕುರ್ಚಿಯಲ್ಲಿ ಧಪ್ಪೆಂದು ಕೂತು, ಒಂದು ಖಾಲಿ ಹಾಳೆ ಹರವಿ, ಇಡೀ ಕೋಣೆಗೆ ಕೇಳುವಂತೆ ಮೊದಲು ಹಿಂದಿಯಲ್ಲಿ, ಆಮೇಲೆ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದಳು: "ಮೇಡಂ, ಮುಝೇ ಕುಛ್ ಭೀ ನಹೀಂ ಆತಾ! ನನ್ನ ತಲಿಗೆ ಒಂದೂ ಹತ್ತವಲ್ದು. ಮತ್ತ ಮೊದಲಿಂದ ಹೇಳಿಕೊಡ್ರಿ."

ಕೂತವರೆಲ್ಲ ತಿರುಗಿ ನೋಡಿದರು. ಸರ್ದಾರ್ಜಿ ನಿಂತ. ರುದ್ರವ್ವ ಪಕ್ಕದ ಕುರ್ಚಿಯನ್ನು ಕಾಲಿನಿಂದ ಅವನ ಕಡೆಗೆ ನೂಕಿದಳು. ಅವನು ಬಂದು ಕೂತ, ಹಾಳೆಗಳನ್ನು ಹೊರತೆಗೆದ.

ಭಾನುಮತಿ ಮೊದಲಿನಿಂದ ಶುರುಮಾಡಿದಳು. ರುದ್ರವ್ವ ನಡುನಡುವೆ ತಡೆದು, ತನಗೆ ಚೆನ್ನಾಗಿ ಗೊತ್ತಿದ್ದುದನ್ನೇ ಇನ್ನೊಮ್ಮೆ, ನಿಧಾನವಾಗಿ ಹೇಳಿಸಿದಳು.