ಬಿಲ್ಲೆ ನಂಬರಿನ ರಕ್ತ

ಎರಡನೇ ಮಹಾಯುದ್ಧದ ಕಾಲದಲ್ಲಿ, ಚಿನ್ನದ ಗಣಿಗಳಿದ್ದ ಉರಿಗಾಂ ಬಳಿಯ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸುವುದು ನನ್ನ ಕೆಲಸವಾಗಿತ್ತು. ಗಣಿಯಾಳುಗಳ ಬೆರಳು ಚುಚ್ಚಿ, ಯಾರದು ಯಾವ ಗುಂಪು ಎಂದು ಅವರವರ ಹಿತ್ತಾಳೆ ಬಿಲ್ಲೆಯ ನಂಬರಿನ ಮುಂದೆ ಬರೆದಿಡುತ್ತಿದ್ದೆ. ರಕ್ತದ ತಿಳಿಯಲ್ಲಿರುವ ಪ್ರೊಟೀನು ಪರರ ರಕ್ತಕಣವನ್ನು ಗುರುತು ಹಿಡಿದು ಗಂಟು ಕಟ್ಟಿಸುತ್ತದೆ. ಕಣ್ಣಿಲ್ಲದ ವಸ್ತು ಯಾವ ಆಕಾರ ನೋಡಿ ಗುರುತಿಸುತ್ತದೆ? ಆಗ ನನಗೆ ಅದರದ್ದೇ ಹುಚ್ಚು.

ಒಂದು ಮಧ್ಯಾಹ್ನ ಗಣಿಯೊಳಗೆ ಬಂಡೆ ಸಿಡಿಯಿತು. ಆಸ್ಪತ್ರೆಗೆ ಹೊತ್ತು ತಂದ ಗಾಯಾಳುವಿನ ತೊಡೆ ಜಜ್ಜಿಹೋಗಿತ್ತು, ಮೂಳೆ ಹೊರಗೆ ಕಾಣುತ್ತಿತ್ತು. ಬಾಗಿಲಲ್ಲಿ ಕಂಬಳಿ ಹೊದ್ದವನೊಬ್ಬ ನಡುಗುತ್ತ ನಿಂತಿದ್ದ. ಗಾಯಾಳುವಿನ ತಮ್ಮನಿರಬೇಕು ಅಂದುಕೊಂಡೆ.

ಗಾಯಾಳುವಿನ ಬಿಲ್ಲೆ ನಂಬರು ನೋಡಿದೆವು. ಪಟ್ಟಿಯಲ್ಲಿ ಬಿ ಗುಂಪು. ಅದೇ ಗುಂಪಿನವನಿಂದ ಡಾಕ್ಟರು ಬಾಟಲಿಗೆ ರಕ್ತ ಇಳಿಸಿದರು. ಅಷ್ಟರಲ್ಲಿ ನಾನು ಅದರದೊಂದು ಹನಿಯನ್ನು ಗಾಯಾಳುವಿನ ರಕ್ತದ ತಿಳಿಯೊಂದಿಗೆ ಗಾಜಿನ ಮೇಲೆ ಬೆರೆಸಿದೆ. ಒಡೆದ ಹಾಲಿನಂತೆ ಚೂರುಚೂರಾಯಿತು.

"ಕೊಡಬೇಡಿ ಸಾರ್, ಒಗ್ಗುತ್ತಿಲ್ಲ."

"ಪಟ್ಟಿ ಬರೆದವನು ನೀನೇ ತಾನೆ? ಗಾಜು ಸರಿಯಾಗಿ ತೊಳೆದಿರಲಿಕ್ಕಿಲ್ಲ. ಸರಿ ಆಚೆ," ಎಂದು ಡಾಕ್ಟರು ಸೂಜಿ ಎತ್ತಿಕೊಂಡರು.

ನನಗೆ ಸಿಟ್ಟು ನೆತ್ತಿಗೇರಿತು. ಬಾಟಲಿ ಕಿತ್ತು ನೆಲಕ್ಕೆ ಅಪ್ಪಳಿಸಿದೆ. ಗೋಡೆಯೆಲ್ಲ ರಕ್ತ. ಡಾಕ್ಟರು ನನ್ನ ಕೆನ್ನೆಗೆ ಬಾರಿಸಿದರು. ಆಗ ಕಂಬಳಿಯವನು ಕುಸಿದು ಕೂತ.

"ಆ ಬಿಲ್ಲೆ ನಂದು ಸಾಮಿ. ಅವ್ನು ನನ್ ತಮ್ಮ. ನಂಗೆ ಜ್ವರ ಬಂದಿತ್ತು, ನನ್ ಬದ್ಲು ಇಳ್ದ. ಯೇಳಿದ್ರೆ ಇಬ್ರ ಕೆಲ್ಸಾನೂ ಓಗ್ತಿತ್ತು."

ಒಬ್ಬರ ಬಿಲ್ಲೆಯಲ್ಲಿ ಇನ್ನೊಬ್ಬರು ಗಣಿಗಿಳಿಯುವುದು ಆಳುಗಳ ಮನೆಸಾಲುಗಳಾದ ಲೈನುಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಗುಟ್ಟು. ಬಂಗಾರಪೇಟೆ ಕಡೆಯ ಹಳ್ಳಿಯಿಂದ ಬಂದ ನನಗೂ ಗೊತ್ತಿತ್ತು. ಆದರೂ ಬೆರಳು ಚುಚ್ಚುವಾಗ ಬಿಲ್ಲೆ ನೋಡಿದೆನೇ ಹೊರತು ಒಬ್ಬರ ಮುಖವನ್ನೂ ನೋಡಿರಲಿಲ್ಲ. ಆ ತಪ್ಪೆಲ್ಲ ಅವನೊಬ್ಬನದೇ ಎಂಬಂತೆ ಜ್ವರದ ಮನುಷ್ಯನನ್ನು ಕುತ್ತಿಗೆ ಹಿಡಿದೆತ್ತಿ ಹೊಡೆದೆ. ಬಾಯಲ್ಲಿ ರಕ್ತ ಬರುವವರೆಗೂ ಹೊಡೆದೆ. ಅವನು ಕೈ ಅಡ್ಡ ತರಲಿಲ್ಲ.

ಮತ್ತೆ ಪರೀಕ್ಷಿಸಿದಾಗ ತಮ್ಮನದು ಎ ಗುಂಪು ಎಂದು ತಿಳಿಯಿತು. ಒಗ್ಗುವ ರಕ್ತದವನನ್ನು ನಂದಿದುರ್ಗ ಗಣಿಯ ಲೈನಿನಿಂದ ಕರೆತಂದರು. ಅವನು ತೋಳು ಚಾಚಿ ಮಲಗುವಷ್ಟರಲ್ಲಿ ಗಾಯಾಳುವಿನ ಉಸಿರು ನಿಂತಿತ್ತು.

ಅಣ್ಣ ತುಟಿ ಒರೆಸಿಕೊಳ್ಳುತ್ತ ನನ್ನ ಬಳಿ ಬಂದ. "ನಾನು ಮೊದ್ಲೇ ಬಾಯಿ ಬಿಟ್ಟಿದ್ರೆ ಉಳೀತಿದ್ನಾ ಸಾಮಿ?"

ಡಾಕ್ಟರ ಏಟಿಗೆ ನನ್ನ ಕೆನ್ನೆ ಇನ್ನೂ ಉರಿಯುತ್ತಿತ್ತು. "ಉಳೀತಿದ್ದ," ಅಂದೆ.

ಅವನು ತಲೆಯಾಡಿಸಿ, ತಮ್ಮನ ಪಕ್ಕ ಹೋಗಿ ಕೂತ. ಉಳಿಯುತ್ತಿದ್ದನೋ ಇಲ್ಲವೋ ತಿಳಿಯಲು ನನ್ನಲ್ಲಿ ಯಾವ ಪರೀಕ್ಷೆಯೂ ಇರಲಿಲ್ಲ. ಗೊತ್ತಿಲ್ಲ ಅನ್ನಬಹುದಿತ್ತು.