ಎರಡು ಚೀಲ, ಎರಡು ಲೋಟ

ವಿಲಾಯತಿಯಿಂದ ನಮ್ಮ ಬೈಲಹೊಂಗಲದ ಮನೆಗೆ ಬಂದ ವಿದ್ಯಾರ್ಥಿನಿ ತನ್ನ ಚೀಲವನ್ನು ಬಿಚ್ಚಿದ್ದು ಪಡಸಾಲೆಯ ಕಂಬಳಿಯ ಮೇಲೆ. ಮಹಾಯುದ್ಧ ಮುಗಿದು ಹಡಗುಗಳು ಮತ್ತೆ ಪ್ರಯಾಣಿಕರನ್ನು ಹೊರತೊಡಗಿದ್ದ ಕಾಲವದು. ಶಿಕ್ಷಕಿಯರನ್ನು ತಯಾರು ಮಾಡುವ ಅಲ್ಲಿನ ಒಂದು ಕಾಲೇಜೂ ನಾನು ಓದುತ್ತಿದ್ದ ಧಾರವಾಡದ ಶಾಲೆಯೂ ಒಂದು ಏರ್ಪಾಡು ಮಾಡಿಕೊಂಡಿದ್ದವು. ಅಲ್ಲಿಂದ ಒಬ್ಬಳು ಇಲ್ಲಿಗೆ ಬರಬೇಕು, ಇಲ್ಲಿಂದ ಒಬ್ಬಳು ಅಲ್ಲಿಗೆ ಹೋಗಬೇಕು. ಒಬ್ಬಳು ಇನ್ನೊಬ್ಬಳ ಮನೆಯಲ್ಲಿ ಒಂದು ವರ್ಷ ಮಗಳಂತೆ ಇರಬೇಕು. ಆಕೆ ನಮ್ಮಲ್ಲಿ ನೆಲೆಗೊಂಡ ಮೇಲೆ ನಾನು ಹೊರಡುವುದೆಂದು ಗೊತ್ತಾಗಿತ್ತು. ಆಕೆಗೆ ನಮ್ಮ ಮನೆ ಒಗ್ಗದಾದರೆ ನನ್ನ ಪ್ರಯಾಣವೂ ನಿಂತಂತೆಯೇ.

ಚೀಲದಿಂದ ಒಂದೊಂದೇ ಸಾಮಾನು ಹೊರಬಂತು. ತಗಡಿನ ಪೆಟ್ಟಿಗೆಯಲ್ಲಿ ಸಾಬೂನು, ಸೂಜಿದಾರದ ಅರಿವೆಯ ಸುರುಳಿ, ಮೂಲೆಯಲ್ಲಿ ಹೂ ಕಸೂತಿ ಮಾಡಿದ ಕರವಸ್ತ್ರಗಳು, ಕ್ವಿನೈನ್ ಗುಳಿಗೆಗಳು, ನಮ್ಮ ಬಿಸಿಲಿನಲ್ಲಿ ಯಾವ ಕೆಲಸಕ್ಕೂ ಬಾರದ ಉಣ್ಣೆಯ ಕಾಲುಚೀಲಗಳು. ಹಲ್ಲುಜ್ಜುವ ಬ್ರಶ್ಶನ್ನು ಅಜ್ಜಿ ದೂರದಿಂದಲೇ ನೋಡಿದಳು.

“ಅಯ್ಯ ಶಿವನ, ಹಂದಿ ಕೂದಲೇನ ಅದು? ಬಾಯಾಗ ಇಡತಾಳೇನ?”

“ನಮಸ್ಕಾರ್ರೀ ಅಜ್ಜಿ,” ಎಂದಳು ಆಕೆ. ಆಗ ಆಕೆಗೆ ಬರುತ್ತಿದ್ದ ಕನ್ನಡ ಅಷ್ಟೇ.

ಕೊನೆಗೆ ನೀಲಿ ಅಂಚಿನ ಒಂದು ಎನಾಮಲ್ ತಟ್ಟೆಯೂ ಅದರ ಜೋಡಿ ಲೋಟವೂ ಹೊರಬಂದವು. ಅಜ್ಜಿಯ ಮುಖ ಅರಳಿತು. “ತನ್ನ ತಾಟು ತಾನ ತಂದಾಳ ನೋಡ. ಬಾಳ ಶಾಣೇ ಹುಡುಗಿ!”

ತರಬೇಕೆಂದು ಮೊದಲೇ ಹೇಳಿ ಕಳಿಸಿದವರು ನನ್ನ ಅಪ್ಪ. ಅಪ್ಪ ವಕೀಲರು. ಹೆಣ್ಣುಮಕ್ಕಳಿಗೆ ಓದು ಬೇಕೆಂದು ಅಜ್ಜಿಯೊಡನೆ ಕಾದಾಡಿ ನನ್ನನ್ನು ಶಾಲೆಗೆ ಕಳಿಸಿದವರು. ಸವದತ್ತಿಯಲ್ಲಿ, ಕಿತ್ತೂರಿನಲ್ಲಿ ಸಭೆ ಕೂಡಿಸಿ ಅಸ್ಪೃಶ್ಯತೆಯ ವಿರುದ್ಧ ಮಾತನಾಡಿದವರು. ಆ ಸಭೆಗಳಲ್ಲಿ ನಾನು ಮುಂದಿನ ಸಾಲಿನಲ್ಲಿ ಕುಳಿತು ಕೇಳಿದ್ದೇನೆ. ಸೂತಕಗಳನ್ನೇ ಒಪ್ಪದ ಧರ್ಮ ನಮ್ಮದೆಂದು ಅವರು ಹೇಳುವಾಗ ನನ್ನ ಎದೆ ಉಬ್ಬುತ್ತಿತ್ತು. ಆದರೆ ಲಿಂಗ ಕಟ್ಟದವಳು ನಮ್ಮ ಅಡುಗೆಮನೆಯ ಹೊಸ್ತಿಲು ದಾಟುವುದನ್ನಾಗಲಿ, ನಮ್ಮ ಹಿತ್ತಾಳೆಯ ತಟ್ಟೆಯಲ್ಲಿ ಉಣ್ಣುವುದನ್ನಾಗಲಿ ಮನೆಯಲ್ಲಿ ಯಾರೂ ಊಹಿಸಿರಲಿಲ್ಲ. ಊಹಿಸಲಾಗದ್ದನ್ನು ತಡೆಯಲು ನಿಯಮವೂ ಬೇಕಿರಲಿಲ್ಲ. ಅತಿಥಿಗೆ ಬೇರೆ ತಟ್ಟೆ, ಬೇರೆ ಲೋಟ, ಪಡಸಾಲೆಯಲ್ಲಿ ಬೇರೆ ಮಣೆ: ಇದಕ್ಕೆ ನಾವು ಕೊಟ್ಟಿದ್ದ ಹೆಸರು ಅನುಕೂಲ. ಅದರ ನಿಜವಾದ ಹೆಸರು ಅವಮಾನ.

ಅವ್ವ ರೊಟ್ಟಿಯನ್ನು ಆಕೆಯ ತಟ್ಟೆಗೆ ಒಂದು ಗೇಣು ಮೇಲಿಂದ ಬಿಡುತ್ತಿದ್ದಳು. ಆಕೆ ಪ್ರತಿ ಸಲವೂ ಕೈ ಮುಗಿಯುತ್ತಿದ್ದಳು. ಉಂಡ ಮೇಲೆ ತಟ್ಟೆ ಲೋಟಗಳನ್ನು ತಾನೇ ತೊಳೆದು, ಒರೆಸಿ, ಚೀಲದಲ್ಲಿಟ್ಟು ಪಟ್ಟಿ ಬಿಗಿಯುತ್ತಿದ್ದಳು. ನಾನು ಒಳಗೆ ಅವ್ವನ ಪಕ್ಕದಲ್ಲಿ ಕುಳಿತು ಉಣ್ಣುವಾಗ ಬಾಗಿಲಿನ ಚೌಕಟ್ಟಿನಾಚೆ ಆಕೆಯ ಬೆನ್ನು ಕಾಣುತ್ತಿತ್ತು. 

ಯರಗಟ್ಟಿಯ ದಾರಿಯಲ್ಲಿ ನಮ್ಮ ಹತ್ತಿಯ ಹೊಲ. ಹತ್ತಿ ಬಿಡಿಸುವ ದಿನಗಳಲ್ಲಿ ಆಕೆ ನೋಡಬೇಕೆಂದಳು, ಕರೆದುಕೊಂಡು ಹೋದೆ. ಅಷ್ಟರಲ್ಲಿ ಆಕೆ ಊರ ಮಾತನ್ನು ಸಾಕಷ್ಟು ಕಲಿತಿದ್ದಳು. ನಮ್ಮ ಸಮಾಜ ಮುಟ್ಟದೆ ದೂರವಿಟ್ಟ ಕೇರಿಯ ಹೆಂಗಸರು ನೆತ್ತಿ ಸುಡುವ ಬಿಸಿಲಿನಲ್ಲಿ ಬಾವಿಯಿಂದ ಮಾರು ದೂರ ಕುಳಿತಿದ್ದರು. ಅವರು ಹಗ್ಗ ಮುಟ್ಟುವಂತಿಲ್ಲ. ಆಳುಮಗ ಬಂದು, ಸೇದಿ, ಅವರ ಬೊಗಸೆಗೆ ಮೇಲಿನಿಂದ ನೀರು ಸುರಿಯಬೇಕು. ಅಂದು ಆಳುಮಗ ಎಲ್ಲೋ ಹೋಗಿದ್ದ. ಆಕೆ ಒಂದು ಕ್ಷಣ ನೋಡಿದಳು. ಹೆಗಲಿನ ಚೀಲದಿಂದ ಲೋಟ ತೆಗೆದು, ತಾನೇ ಕೊಡ ಸೇದಿ, ತುಂಬಿ, ಮುಂದೆ ಕುಳಿತಿದ್ದ ಮುದುಕಿಯ ಕೈಗೆ ಕೊಟ್ಟಳು. ಮುದುಕಿ ಹಿಂಜರಿದಳು, ನನ್ನತ್ತ ನೋಡಿದಳು, ಬಾಯಾರಿಕೆ ಗೆದ್ದಿತು. ಲೋಟ ಸಾಲಿನಲ್ಲಿ ಕೊನೆಯವರೆಗೂ ಹೋಯಿತು.

ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ಅಜ್ಜಿ ಬಾಗಿಲಲ್ಲೇ ನಿಂತಿದ್ದಳು.

“ಆ ಲೋಟಾ ತಗೊಂಡು ಒಳಗ ಬರಬ್ಯಾಡಂತ ಹೇಳ ಆಕಿಗೆ! ನಾಳೆ ರಾಮದುರ್ಗದ ಬೀಗರು ನಮ್ಮ ಮನಿಯಾಗ ನೀರರ ಕುಡಿತಾರೇನ? ಲೋಟಾ ಹೊರಗ ಒಗಿ, ಇಲ್ಲಾ ಆಕಿನ್ನ ಹೊರಗ ಕಳಸ!”

ಆಕೆಗೆ ಸಿಟ್ಟು ಅರ್ಥವಾಯಿತೇ ಹೊರತು ಕಾರಣ ಅರ್ಥವಾಗಲಿಲ್ಲ. ಏನು ತಪ್ಪಾಯಿತೆಂದು ಅಪ್ಪನನ್ನು ಕೇಳಿದಳು. ಸಾವಿರ ಜನರ ಎದುರು ಗುಡುಗಿದ್ದ ಅಪ್ಪ, ಒಬ್ಬ ಹುಡುಗಿಯ ಎದುರು ಕನ್ನಡಕ ಒರೆಸುತ್ತ ನಿಂತರು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು: ಇದು ಪ್ಲೇಗ್ ಬಂದುಹೋದ ಸೀಮೆ, ಹಲವರು ಬಾಯಿಟ್ಟ ಪಾತ್ರೆಯಿಂದ ರೋಗ ಹರಡೀತೆಂದು ಹಿರಿಯರಿಗೆ ಭಯ, ಅಷ್ಟೇ. ಆಕೆ ಕಿವಿಯವರೆಗೂ ಕೆಂಪಾದಳು. ತಾನು ಅಜಾಗರೂಕಳೆಂದು ಅಜ್ಜಿಯ ಕ್ಷಮೆ ಕೇಳಿದಳು. ಕ್ಷಮೆ ಕೇಳಬೇಕಾದವರು ತಲೆದೂಗಿ ಒಳಗೆ ಹೋದರು. ನಾಚಿಕೆಯಿಂದ ನಾನು ನೆಲ ನೋಡಿದೆ.

ಆದರೆ ಆಕೆ ಕೇಳಿದ್ದನ್ನು ನಂಬುವವಳು, ನಂಬಿದ್ದನ್ನು ಮಾಡುವವಳು. ಮರುದಿನ ಮುಂಜಾನೆ ಹಿತ್ತಲಲ್ಲಿ ಕಲ್ಲು ಹೂಡಿ, ಡಬ್ಬಿಯಲ್ಲಿ ನೀರಿಟ್ಟು, ಲೋಟವನ್ನು ಕುದಿಸಿದಳು. ನನ್ನನ್ನೂ ಕರೆದುಕೊಂಡು, ಡಬ್ಬಿಯನ್ನೇ ಹೊಲಕ್ಕೆ ಹೊತ್ತುಕೊಂಡು ಹೋಗಿ, ಅಲ್ಲಿಯೂ ಕಲ್ಲು ಹೂಡಿ ನೀರು ಕಾಯಿಸಿ, ಒಬ್ಬಳು ಕುಡಿದ ಮೇಲೆ ಲೋಟವನ್ನು ಕುದಿವ ನೀರಿನಲ್ಲಿ ಮುಳುಗಿಸಿ, ಅದೇ ನೀರು ತುಂಬಿ ಮತ್ತೊಬ್ಬಳಿಗೆ ಕೊಡಹತ್ತಿದಳು.

“ಕುದಿಸೇನ್ರೀ,” ಎಂದಳು ಬಾವಿಯ ಬಳಿ ನಿಂತ ಆಳುಮಗನಿಗೆ, ಹೆಮ್ಮೆಯಿಂದ. “ಈಗ ರೋಗ ಇಲ್ಲ. ಈಗ ಆತಲ್ರೀ?”

ಅವನು ಹಗ್ಗವನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಹೊರಟೇಹೋದ.

ಹೆಂಗಸರಲ್ಲಿ ಒಬ್ಬಳು ಲೋಟ ಊದುತ್ತ ನಕ್ಕಳು. “ಬಾಳ ಬಿಸಿ ಅದಾವ್ರಿ ಅಕ್ಕಾರ, ಇಷ್ಟ ಚಾಪುಡಿ ಹಾಕಿದ್ರ ಚಾನ ಆಗತಿತ್ತು.” ಮುದುಕಿ ಮಾತ್ರ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದಳು.

“ತಂಗೆವ್ವಾ, ನೀವರ ಹೇಳ್ರಿ ಆಕಿಗೆ. ಆ ತಾಯಿ ನಾಳೆ ತಮ್ಮೂರಿಗೆ ಹೊಕ್ಕಾಳ. ನಮಗ ನೀರ ಹಾಕಾಂವ ಅವನ ಅಲ್ಲೇನ್ರಿ? ಅಂವ ಹಗ್ಗಾ ಒಯ್ದನಲ್ಲ, ನಾವು ಏನ್ ಕುಡಿಯೂಣ?”

ಅಪ್ಪನ ಸುಳ್ಳಿನ ಬೆಲೆ ಅಪ್ಪನೂ ತೆರಲಿಲ್ಲ, ನಾನೂ ತೆರಲಿಲ್ಲ. ಅದು ಈ ಮುದುಕಿಯ ಗಂಟಲಿನ ಮೇಲೆ ಬಿದ್ದಿತ್ತು. ಮನೆಗೆ ಮರಳುವ ದಾರಿಯಲ್ಲಿ ನಾನು ಆಕೆಗೆ ಎಲ್ಲವನ್ನೂ ಹೇಳಿದೆ. ಪ್ಲೇಗಿಗೂ ಇದಕ್ಕೂ ಸಂಬಂಧವಿಲ್ಲ. ಎಷ್ಟು ಕುದಿಸಿದರೂ ಹೋಗದಂಥದ್ದು ಆ ಹೆಂಗಸರ ಹುಟ್ಟಿಗೆ ಅಂಟಿದೆಯೆಂದು ನಮ್ಮವರು ನಂಬಿದ್ದಾರೆ.

 ಆಕೆ ದಾರಿಯಲ್ಲೇ ನಿಂತಳು.

“ಹಂಗಾದ್ರ ನನ್ನ ತಾಟು? ನಾನೂ ಹೊರಗ ಉಣತೇನಿ, ಅದೂ ಹಿಂಗ ಏನ್ರಿ?”

“ಹೌದು,” ಎಂದೆ. 

“ಮರ್ಯಾದಿ ಅಂತ ತಿಳಕೊಂಡಿದ್ನಲ್ರೀ,” ಎಂದಳು ಆಕೆ. “ದೊಡ್ಡವರಿಗೆ ಬ್ಯಾರೆ ಕೂಡಸ್ತಾರ ಅಂತ. ನಮ್ಮವ್ವಗೂ ಹಂಗ ಬರದೇನಿ.”

ಬಿಸಿಲು, ಕರಿಮಣ್ಣಿನ ದಾರಿ, ದೂರದಲ್ಲಿ ಒಂದು ಚಕ್ಕಡಿ. ನೆಲ ಬಾಯ್ತೆರೆಯಬಾರದೇ ಎಂದು ಅಂದಿನಷ್ಟು ನಾನು ಎಂದೂ ಬಯಸಿಲ್ಲ.

ಆ ಸಂಜೆ ಆಕೆ ಉಣ್ಣಲು ಬರಲಿಲ್ಲ. ಹಸಿವಿನಿಂದ ಯಾರೂ ಮಲಗಬಾರದೆಂಬುದೂ ಅಜ್ಜಿಯ ನೇಮವೇ, ಅವಳು ಚಡಪಡಿಸಿದಳು. “ಹಾಲರ ಕುಡಿಯಂತ ಹೇಳ. ಮಂದಿ ಮಗಳು, ಹಸದು ಮಲಗಿದ್ರ ನಮಗ ಛಲೋ ಅಲ್ಲ.” ಎಲ್ಲರ ಜೊತೆ ಒಳಗೆ ಕೂಡಿಸಿದರೆ ಉಣ್ಣುತ್ತೇನೆಂದು ಆಕೆ ಹೇಳಿ ಕಳಿಸಿದಳು. ಅಜ್ಜಿ ಹಾಲಿನ ಪಾತ್ರೆ ಹಿಡಿದು ಅಡುಗೆಮನೆಯ ಹೊಸ್ತಿಲ ಒಳಗೇ ನಿಂತಳು, ದಾಟಲಿಲ್ಲ. ಅಪ್ಪ ತಮ್ಮ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡರು.

ಮರುದಿನ ಆಕೆ ಚೀಲ ತುಂಬಿದಳು. ಸಾಬೂನು, ಸೂಜಿದಾರ, ಕರವಸ್ತ್ರ, ಗುಳಿಗೆ, ಕಾಲುಚೀಲ. ತಟ್ಟೆ ಲೋಟಗಳನ್ನು ಮಾತ್ರ ಪಡಸಾಲೆಯ ಗೋಡೆಯ ಗೂಡಿನಲ್ಲಿ ಬಿಟ್ಟಳು. ಬೆಳಗಾವಿಯ ಪಾದ್ರಿಗಳ ಬಂಗಲೆಯಲ್ಲಿದ್ದು ಅಲ್ಲಿನ ಶಾಲೆಯಲ್ಲಿ ವರ್ಷ ಮುಗಿಸುವುದಾಗಿ ಹೇಳಿದಳು. ನನ್ನ ಪ್ರಯಾಣ ನಿಂತಿತೆಂದುಕೊಂಡೆ. ಆದರೆ ಎರಡೂ ಕಡೆಯವರಿಗೆ ಆಕೆ ಕೊಟ್ಟ ಕಾರಣ ಒಂದೇ: ಬೈಲಹೊಂಗಲದ ನೀರು ನನಗೆ ಒಗ್ಗಲಿಲ್ಲ. ನಮ್ಮ ಮನೆಯ ಮಾನ ಉಳಿಯಿತು, ನನ್ನ ಹಡಗಿನ ಚೀಟಿಯೂ ಉಳಿಯಿತು. ಅಪ್ಪ ಆಡಿದ ಸುಳ್ಳು ನಮ್ಮನ್ನು ಕಾಯುವುದಕ್ಕೆ. ಆಕೆ ಆಡಿದ ಸುಳ್ಳೂ ನಮ್ಮನ್ನು ಕಾಯುವುದಕ್ಕೇ. ಅದು ನನಗೆ ಇನ್ನಷ್ಟು ಚುಚ್ಚಿತು.

ಬೇಸಿಗೆಯಲ್ಲಿ ಅವ್ವ ನನ್ನ ಚೀಲ ತುಂಬಿದಳು. ಒಣಗಿಸಿದ ಕಟಿ ರೊಟ್ಟಿ, ಶೇಂಗಾದ ಚಟ್ನಿಪುಡಿ, ವಿಭೂತಿಯ ಗಟ್ಟಿ, ಇಳಕಲ್ಲಿನ ಎರಡು ಸೀರೆ, ಬಾಚಣಿಗೆ, ಕೊಬ್ಬರಿ ಎಣ್ಣೆ. ಎಲ್ಲಕ್ಕೂ ಕೆಳಗೆ ಒಂದು ಹಿತ್ತಾಳೆಯ ತಟ್ಟೆ, ಒಂದು ಲೋಟ.

“ಅವರ ತಾಟಿನ್ಯಾಗ ಉಣಬ್ಯಾಡವ್ವಾ. ಏನೇನ್ ತಿಂದಿರತಾರೋ ಏನೋ,” ಎಂದಳು. ಪ್ರೀತಿಯಿಂದಲೇ ಅಂದಳು. ಈ ಅನ್ಯಾಯದ ಗಟ್ಟಿತನವಿರುವುದೇ ಅಲ್ಲಿ: ನಮ್ಮ ಮನೆಗಳಲ್ಲಿ ಅದನ್ನು ದುಷ್ಟರಲ್ಲ, ತಾಯಂದಿರು ಕಟ್ಟಿಕೊಡುತ್ತಾರೆ.

ವಿಲಾಯತಿಯ ಆ ಮನೆಯಲ್ಲಿ ಆಕೆಯ ತಾಯಿ ಬಾಗಿಲಿಗೇ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅಡುಗೆಮನೆಗೇ ಕರೆದೊಯ್ದು, ಒಲೆಯ ಹತ್ತಿರದ ಕುರ್ಚಿಯಲ್ಲಿ ಕೂರಿಸಿ, ತಮ್ಮ ಬಟ್ಟಲಿನ ಜೋಡಿಯದೇ ಇನ್ನೊಂದು ಬಟ್ಟಲಿಗೆ ಚಹಾ ಬಗ್ಗಿಸಿದರು. ಆಮೇಲೆ ಕೇಳಿದರು: “ನನ್ನ ಮಗಳ ಹೊಟ್ಟೆ ಈಗ ನೆಟ್ಟಗಾಯಿತೇನಮ್ಮ? ಅಲ್ಲಿನ ನೀರು ಒಗ್ಗಲಿಲ್ಲವಂತೆ. ನಿಮ್ಮ ಮನೆಯವರು ಎಷ್ಟು ಆದರದಿಂದ ಬೇರೆಯೇ ಕೂರಿಸಿ ಬಡಿಸುತ್ತಿದ್ದರಂತೆ. ಅಂಥ ಮನೆ ಬಿಡಬೇಕಾಯಿತಲ್ಲ ಪಾಪ.”

 ಹೌದೆಂದು ತಲೆಯಾಡಿಸಿದ್ದರೆ ಆ ವರ್ಷ ಸುಖವಾಗಿ ಕಳೆಯುತ್ತಿತ್ತು. ನಾನು ಬಟ್ಟಲನ್ನು ಕೆಳಗಿಟ್ಟು, ಚೀಲ ಬಿಚ್ಚಿ, ಸೀರೆಗಳನ್ನು ಸರಿಸಿ, ಅವ್ವ ಇಟ್ಟ ತಟ್ಟೆಯನ್ನೂ ಲೋಟವನ್ನೂ ತೆಗೆದು ಅವರ ಮೇಜಿನ ಮೇಲೆ ಇಟ್ಟೆ. “ಇವನ್ನು ನಾನು ಏಕೆ ತಂದಿದ್ದೇನೆಂದು ಮೊದಲು ಹೇಳುತ್ತೇನೆ,” ಎಂದೆ. ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.